ಯಾವ ಕಂಪನಿಯ ಹಾರ್ಡ್ ಡಿಸ್ಕ್

ವಾಡಿ
೧೨ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ತಾಹಿರ್ ಭಾಯ್‌ಗೆ ಜಬೀನಾಳ ಸಲಾಂ.

ಭೀಮಾಶಂಕರಣ್ಣ ಸತ್ತ ದಿನ ಕೆಲಸಕ್ಕೇ ಬಂದಿರಲಿಲ್ಲ ಎಂದು ಸಿಮೆಂಟ್ ಕಾರ್ಖಾನೆಯ ಗುತ್ತಿಗೆದಾರ ಬರೆದು ಕೊಟ್ಟಿದ್ದಾನೆ. ಬೇಲಿ ಹಾರಿ ಕಳ್ಳತನಕ್ಕೆ ಬಂದು ಬಿದ್ದನಂತೆ. ಇದು ಸುಳ್ಳು. ಕೊಂದದ್ದು ಒಂದು ಅನ್ಯಾಯ, ಸತ್ತವನನ್ನು ಕಳ್ಳನನ್ನಾಗಿ ಮಾಡುವುದು ಇನ್ನೊಂದು. ಇದನ್ನು ಮೊದಲು ಹೇಳದೆ ನಿನ್ನ ಆರೋಗ್ಯ ಕೇಳಲು ಕೈ ಬರಲಿಲ್ಲ. ಈಗ ಕೇಳುತ್ತೇನೆ. ಹೇಗಿದ್ದೀಯ? ಹೈದರಾಬಾದಿನ ನೀರು ಒಗ್ಗಿತೇ? ಖಾಲಾ ಅಮ್ಮಿಯ ಸ್ವಂತ ತಂಗಿ, ಅವಳ ಮನೆಯಲ್ಲಿ ಹೊಟ್ಟೆತುಂಬ ಉಣ್ಣು, ಸಂಕೋಚ ಮಾಡಬೇಡ. ಅಮ್ಮಿಗೆ ಕೆಮ್ಮು ಕಡಿಮೆಯಾಗಿಲ್ಲ. ಆದರೂ ದಿನಕ್ಕೆ ಎರಡು ಸಲ ಮನೆಯ ಬಟ್ಟೆಗಳನ್ನೆಲ್ಲ ಒದ್ದೆ ಮಾಡಿ ಹೊಚ್ಚುವುದನ್ನು ಬಿಟ್ಟಿಲ್ಲ.

ನಮ್ಮ ಓಣಿಯಲ್ಲಿ ಹುಟ್ಟಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಸಿಮೆಂಟಿನ ಧೂಳು ಕೂರಬಾರದೆಂದು ಕಿಟಕಿಗೆ ಒದ್ದೆ ಬಟ್ಟೆ, ಕೊಡಕ್ಕೆ ಒದ್ದೆ ಬಟ್ಟೆ, ಹಿಟ್ಟಿನ ಡಬ್ಬಿಗೆ ಒದ್ದೆ ಬಟ್ಟೆ. ಹಾಗೆಯೇ ಅಮ್ಮಿ ನಿನ್ನ ಲ್ಯಾಪ್‌ಟಾಪಿಗೂ ಹೊಚ್ಚಿದಳು. ಅದು ಒಳಗೊಳಗೇ ಕಾಯ್ದು, ನೀರು ಕುಡಿದು, ಈಗ ಹಚ್ಚಿದರೆ ಹಲ್ಲು ಕಡಿದಂತೆ ಟಕ್ ಟಕ್ ಎನ್ನುತ್ತದೆ. ಭೀಮಾಶಂಕರಣ್ಣನ ವಿಡಿಯೊ ಅದರಲ್ಲಿದೆ ಎಂದು ನೀನು ಖಾಲಾಳ ಫೋನಿನಲ್ಲಿ ಹೇಳಿದ್ದು ಅದಾದ ಮೇಲೆಯೇ. ಗುತ್ತಿಗೆದಾರನ ಕಡೆಯವರು ನಿನ್ನ ಫೋನು ಕಸಿದುಕೊಳ್ಳುವ ಮೊದಲೇ ಅದನ್ನು ಲ್ಯಾಪ್‌ಟಾಪಿಗೆ ಹಾಕಿಟ್ಟಿದ್ದೆಯಲ್ಲ, ಅದೊಂದು ಬುದ್ಧಿಯ ಕೆಲಸ ಮಾಡಿದ್ದೀಯ.

ಮೊಬೈಲ್ ರಿಪೇರಿಯ ದಿಲೀಪನಿಗೆ ತೋರಿಸಿದೆ. ಹೊಸ ಹಾರ್ಡ್ ಡಿಸ್ಕ್ ಒಳಗೆ ಕೂಡಿಸಿ, ಹಳೆಯದನ್ನು ಹೊರಗಿನಿಂದ ಕೇಬಲ್ಲಿಗೆ ಜೋಡಿಸಿ, ಒಂದೇ ಸಲಕ್ಕೆ ಎಲ್ಲ ಎಳೆದುಕೊಳ್ಳಬೇಕು ಎಂದ. “ಇನ್ನೊಂದು ಸಲ ಅದು ಎದ್ದೇಳ್ತದಂತ ನಾ ಗ್ಯಾರಂಟಿ ಕೊಡಂಗಿಲ್ಲ” ಎಂದ. ಯಾವ ಕಂಪನಿಯದು ತರಲಿ ಎಂದು ಕೇಳಿದ್ದೇ ತಪ್ಪಾಯಿತು! ಅವನು ಸೀಗೇಟ್ ಎಂದರೆ ಅವನ ತಂಗಿ ಅಂಬಿಕಾ ಡಬ್ಲ್ಯೂಡಿ ಎಂದಳು. ಅಣ್ಣ ತಂಗಿ ಜಗಳಕ್ಕೇ ನಿಂತರು. ಎರಡು ಡಬ್ಬಿಗಳ ಮೇಲೂ ವಾರಂಟಿ ಎಂದಿರುತ್ತದೆ. ಆ ವಾರಂಟಿ ಡಿಸ್ಕಿಗೆ ಮಾತ್ರ, ಒಳಗಿದ್ದುದಕ್ಕಲ್ಲ. ಕೆಟ್ಟರೆ ಬೇರೊಂದು ಕೊಡುತ್ತಾರೆ. ಭೀಮಾಶಂಕರಣ್ಣನ ಜಾಗಕ್ಕೂ ಮರುದಿನವೇ ಬೇರೊಬ್ಬನನ್ನು ತಂದರಲ್ಲ, ಲೆಕ್ಕ ಒಂದೇ. ನಾನು ಓದುವ ಕಾರ್ಮಿಕ ಸಂಘದ ಕರಪತ್ರಗಳನ್ನು ನೋಡಿ ನೀನು ನಗುತ್ತಿದ್ದೆ. ಈಗ ನಗು ನೋಡೋಣ.

ವಾಡಿಯಲ್ಲಿ ಕೊಂಡರೆ ಗುತ್ತಿಗೆದಾರನ ಕಿವಿಗೆ ಬೀಳುತ್ತದೆ ಎಂದು ಶನಿವಾರ ರೈಲು ಹತ್ತಿ ಸೇಡಂಗೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದಿನ ಹಾಜಿಮಲಂಗ್ ಚಾಚಾರ ಅಂಗಡಿ, ನೀನೇ ಹೇಳಿದ್ದು. ನಾನು ಬಾಯಿ ತೆರೆಯುವ ಮೊದಲೇ ಅವರು ಎರಡು ಡಬ್ಬಿ ತೆಗೆದು ಗಾಜಿನ ಮೇಲಿಟ್ಟರು. ಅಷ್ಟರಲ್ಲಿ ಒಳಗಿನಿಂದ ಚಹಾದ ಲೋಟ ಹಿಡಿದು ಒಬ್ಬ ಹೊರಬಂದ. ಗುತ್ತಿಗೆದಾರನ ಲೆಕ್ಕ ಬರೆಯುವ ಮುನ್ಷಿ. ಅಂದು ಮನೆಗೆ ನುಗ್ಗಿ ನಿನ್ನ ಫೋನು ಕಸಿದವನು ಅವನೇ.

“ಬಾ ತಂಗಿ, ಕುಂದ್ರು” ಎಂದ, ಮದುವೆ ಮನೆಯ ಯಜಮಾನನ ಹಾಗೆ. “ನಿಮ್ಮ ಅಮ್ಮಿ ಲ್ಯಾಪ್‌ಟಾಪಿಗೂ ಒದ್ದಿ ಬಟ್ಟಿ ಹೊಚ್ಚ್ಯಾಳಂತಲ್ಲ? ಹಿಟ್ಟಿನ ಡಬ್ಬಿ ಅಂತ ತಿಳದಾಳೇನು?” ಎಂದು ಭಾಳ ನಕ್ಕ. ಆಮೇಲೆ ದುಬಾರಿಯ ಡಬ್ಬಿಯನ್ನು ಬೆರಳಿನಿಂದ ನನ್ನ ಕಡೆ ಸರಿಸಿದ. “ಇದು ಒಯ್ಯಿ. ರೊಕ್ಕ ಆಗ್ಯದ. ಹಳಿ ಡಿಸ್ಕ್ ಮಾತ್ರ ಇಲ್ಲೇ ಬಿಡು. ಕೆಟ್ಟ ಸಾಮಾನು ಮನ್ಯಾಗ ಇಡಬಾರದು.” ಚಾಚಾ ತಲೆ ಎತ್ತಲಿಲ್ಲ. “ತಗೊ ಬೇಟಾ, ಯಾಕ ಸುಮ್ನ ತ್ರಾಸ” ಎಂದಷ್ಟೇ ಗೊಣಗಿದರು.

ಹಳೆಯದು ನನ್ನ ಬಳಿ ಇಲ್ಲ ಎಂದೆ. ಇನ್ನೊಂದು ಡಬ್ಬಿಗೆ ನನ್ನ ಟ್ಯೂಶನ್ ದುಡ್ಡು ಕೊಟ್ಟು ಎತ್ತಿಕೊಂಡೆ. ಕೊನೆಗೆ ಕಂಪನಿ ಆರಿಸಿದ್ದು ಹೀಗೆ: ಅವರು ಕೊಡಿಸಿದ್ದು ಯಾವುದೋ ಅದಲ್ಲದ್ದು. ಸ್ಟೇಷನ್ನಿನವರೆಗೂ ಅವನ ಜೀಪು ಹಿಂದೆಯೇ ಬಂತು. ಹಾರ್ನ್ ಹಾಕಲಿಲ್ಲ, ಮುಂದೆಯೂ ಹೋಗಲಿಲ್ಲ. ಚಿತ್ತಾಪುರ ದಾಟುವವರೆಗೂ ಬೋಗಿಯ ಬಾಗಿಲ ಕಡೆಯೇ ನೋಡುತ್ತ ಕುಳಿತಿದ್ದೆ.

ಹಳೆಯ ಡಿಸ್ಕಿನಿಂದ ವಿಡಿಯೊ ಹೊರಬಂದಿದೆ, ಭಾಯ್. ಅಣ್ಣ ಸತ್ತ ದಿನದ ದಿನಾಂಕವೂ ಅದರಲ್ಲಿದೆ. ಭೀಮಾಶಂಕರಣ್ಣ ಸೇಫ್ಟಿ ಬೆಲ್ಟಿಲ್ಲದೆ, ಬರಿಗೈಯಲ್ಲಿ ಕಾರ್ಖಾನೆಯ ಏಣಿ ಹತ್ತುತ್ತಾನೆ. ಕೆಳಗೆ ನಿಂತು ಹತ್ತು ಹತ್ತು ಎನ್ನುತ್ತಿರುವವನು ಅದೇ ಮುನ್ಷಿ. ಅಣ್ಣ ಅರ್ಧಕ್ಕೆ ನಿಂತು ನಿನ್ನ ಕಡೆ ತಿರುಗಿ, “ತಾಹಿರಾ, ಛಲೋ ಬರಲಿ ನೋಡ, ಬಸ್ಸಮ್ಮಗ ತೋರಿಸ್ಬೇಕು” ಎನ್ನುತ್ತಾನೆ. ಹೆಂಡತಿಗೆ ತೋರಿಸುವ ಅವನ ಆಸೆಯಂತೆ ಬಸ್ಸಮ್ಮಕ್ಕನಿಗೆ ತೋರಿಸಿದೆ. ಆಕೆ ಅಳಲಿಲ್ಲ. ಪರದೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಇನ್ನೊಮ್ಮೆ ಹಚ್ಚು ಎಂದಳು.

ಸೋಮವಾರ ಕಲಬುರಗಿಯಲ್ಲಿ ವಿಚಾರಣೆ. ತೆಗೆದವನು ಬಂದು ನಾನೇ ತೆಗೆದದ್ದು ಎಂದು ಹೇಳದಿದ್ದರೆ ಈ ವಿಡಿಯೊವನ್ನು ಯಾರೂ ನಂಬುವುದಿಲ್ಲ ಎಂದು ವಕೀಲರು ಹೇಳಿದ್ದಾರೆ. ನೀನು ಬರದಿದ್ದರೆ ಭೀಮಾಶಂಕರಣ್ಣ ಕಳ್ಳನಾಗಿಯೇ ಉಳಿಯುತ್ತಾನೆ, ಅವನ ಮಗಳು ಕಳ್ಳನ ಮಗಳಾಗಿ ಶಾಲೆಗೆ ಹೋಗುತ್ತಾಳೆ. ಹೆದರಿಕೆ ನನಗೂ ಇದೆ. ನಿನ್ನೆಯಿಂದ ಓಣಿಯ ಬಾಯಿಗೆ ಆ ಜೀಪು ನಿಂತಿದೆ. ಅದಕ್ಕೇ ಫೋನು ಮಾಡದೆ ಅಂಬಿಕಾಳ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಅಮ್ಮಿ ತಾನು ನಿನ್ನ ತಲೆ ಸವರಿದ್ದಾಗಿ ಬರೆಯಲು ಹೇಳಿದ್ದಾಳೆ. ಖಾಲಾಗೆ, ಮಕ್ಕಳಿಗೆ ನನ್ನ ನೆನಪು ಹೇಳು.

ನಿನ್ನ ತಂಗಿ,
ಜಬೀನಾ

ಮತ್ತೆ: ಅಂಬಿಕಾಳಿಗೆ ರೈಲಿನ ಹೊತ್ತಾಯಿತು, ನಿಂತೇ ಬರೆಯುತ್ತಿದ್ದೇನೆ. ಮುನ್ಷಿ ಹೇಳಿ ನಕ್ಕ ಆ ಒದ್ದೆ ಬಟ್ಟೆಯ ಮಾತನ್ನು ಅಮ್ಮಿ ನಾಚಿಕೆಯಿಂದ ಯಾರಿಗೂ ಹೇಳಿಲ್ಲ. ದಿಲೀಪನಿಗೂ ನಾನು ಧೂಳು ಸೇರಿದೆ ಎಂದಷ್ಟೇ ಹೇಳಿದ್ದೆ. ಅದನ್ನು ಹೇಳಿ ನಗಿಸಿದ್ದು ನಿನ್ನೊಬ್ಬನನ್ನು. ಸೇಡಂಗೆ ಹೋಗುವುದು ಗೊತ್ತಿದ್ದದ್ದೂ ನಿನಗೊಬ್ಬನಿಗೆ. ಹಾಗಾಗಿ ಎರಡು ಡಿಸ್ಕುಗಳೂ ಈಗ ಎಲ್ಲಿವೆ ಎಂದು ಬರೆಯುವುದಿಲ್ಲ. ಅವರು ನಿನ್ನನ್ನು ಹೊಡೆದು ಬಾಯಿ ಬಿಡಿಸಿದರೋ, ಏನಾದರೂ ಕೊಟ್ಟರೋ, ಕಾಗದದಲ್ಲಿ ಉತ್ತರ ಬೇಡ. ನನ್ನ ಮುಖ ನೋಡಿ ಹೇಳು. ಬಸ್ಸಮ್ಮಕ್ಕನೂ ನನ್ನ ಜೊತೆ ನಿಂತಿರುತ್ತಾಳೆ. ವಾಡಿ ಸ್ಟೇಷನ್ನಿನ ಮೇಲ್ಸೇತುವೆ, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ.