ನನ್ನ ಹೆಸರಿನಲ್ಲಿ ಬಂದ ಮೆಸೇಜು

ಶಿವಾಜಿನಗರ
೧೪ ಜೂನ್ ೨೦೨೫

ಪ್ರೀತಿಯ ಸಂಘಮಿತ್ರಾ,

ಕೆ.ಜಿ.ಎಫ್‌ನಲ್ಲಿ ನೀನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ಆ ದಿನವಾಗಿ ಹದಿನೆಂಟು ದಿನ ಕಳೆದವು, ತಡಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಬರೆದರೆ ಮತ್ತೆ ಇನ್ಯಾರೋ ಎಂದುಕೊಳ್ಳುತ್ತೀಯೇನೋ ಎಂದು ಕಾಗದ ಹಿಡಿದೆ. ಹಲಸೂರಿನ ಶಾಲೆಯಲ್ಲಿ ಏಳು ವರ್ಷ ಒಂದೇ ಬೆಂಚಿನಲ್ಲಿ ಕೂತವಳು ನೀನು, ನನ್ನ ಅಕ್ಷರ ನಿನಗೆ ಗೊತ್ತು.

ನಡೆದದ್ದು ಇಷ್ಟು. ಅಂದು ಬೆಳಿಗ್ಗೆ, ನನ್ನ ಲೇಸು-ಗುಂಡಿ ಅಂಗಡಿಗೆ ಬರುವ ಟೈಲರ್ ಮುನಿಲಕ್ಷ್ಮಮ್ಮನ ನಂಬರಿನಿಂದ ವಾಟ್ಸಾಪ್ ಬಂತು: "ಮೊಮ್ಮಗಳು ಡ್ಯಾನ್ಸ್ ಕಾಂಪಿಟೇಷನ್‌ನಲ್ಲಿದ್ದಾಳೆ, ಒಂದು ಓಟು ಹಾಕಮ್ಮ." ಆಕೆಗಿರುವುದು ಮೊಮ್ಮಗ ಎಂಬುದು ಮದುವೆ ಸೀಸನ್ನಿನ ಗದ್ದಲದಲ್ಲಿ ನನಗೆ ಹೊಳೆಯಲೇ ಇಲ್ಲ. ಲಿಂಕ್ ಒತ್ತಿದೆ. ನಂಬರ್ ಕೇಳಿತು, ಕೊಟ್ಟೆ. ಅದು ತೋರಿಸಿದ ಎಂಟು ಅಕ್ಷರಗಳನ್ನು ವಾಟ್ಸಾಪಿನಲ್ಲಿ ಹಾಕೆಂದಿತು, ಹಾಕಿದೆ. ಸದ್ದು ತೆಗೆದು ಫೋನನ್ನು ಡ್ರಾಯರಿಗೆ ಸೇರಿಸಿ ಲೇಸು ಅಳೆಯಲು ನಿಂತೆ. ಅಷ್ಟರಲ್ಲೇ ನನ್ನ ವಾಟ್ಸಾಪು ಯಾರದೋ ಕಂಪ್ಯೂಟರಿಗೆ ಜೋಡಣೆಯಾಗಿತ್ತು. ಮುನಿಲಕ್ಷ್ಮಮ್ಮನದೂ ಹಿಂದಿನ ದಿನ ಹೀಗೇ ಹೋಗಿತ್ತಂತೆ, ಪಾಪ.

ನಾಲ್ಕು ಗಂಟೆಗೆ ಪಕ್ಕದ ಬಟ್ಟೆ ಅಂಗಡಿಯ ಗಯಾಜ್ ಭಾಯ್ ಬಂದರು.

"ಏನಮ್ಮಾ, ಆಸ್ಪತ್ರೇಲಿದ್ದೀನಿ, ಹತ್ತು ಸಾವಿರ ಕಳ್ಸಿ ಅಂತ ಮೆಸೇಜ್ ಹಾಕಿದ್ದೀರ. ಇಲ್ನೋಡಿದ್ರೆ ಲೇಸ್ ಅಳೀತಿದ್ದೀರ! ಫೋನ್ ಮಾಡಿದ್ರೆ ಎತ್ತಲ್ಲ. ಅದಕ್ಕೇ ಎದ್ದು ಬಂದೆ."

ಅವರ ಮಗಳು ನನ್ನ ಫೋನಿನಲ್ಲಿ 'ಲಿಂಕ್ಡ್ ಡಿವೈಸಸ್' ತೆರೆದು ಆ ಕಂಪ್ಯೂಟರನ್ನು ಕಿತ್ತುಹಾಕಿದಳು. ಒಬ್ಬೊಬ್ಬರಿಗೂ ಕರೆ ಮಾಡುತ್ತಾ ಹೋದೆ. ಯಾರೂ ಹಣ ಕಳಿಸಿರಲಿಲ್ಲ, ಸಂಘಮಿತ್ರಾ. ಎಂಟು ವರ್ಷದಿಂದ ನನ್ನೊಡನೆ ಮಾತಿಲ್ಲದ ನೀನೊಬ್ಬಳೇ ಕಳಿಸಿದ್ದೆ.

ನೀನು ಬರೆದದ್ದೆಲ್ಲ ಆಮೇಲೆ ಓದಿದೆ. "ಯಾವ ಆಸ್ಪತ್ರೆ ಭಾಗ್ಯ?" ಕಳ್ಳ ಅದಕ್ಕೆ ಉತ್ತರ ಕೊಡದೆ "ಅರ್ಜೆಂಟ್" ಎಂದಷ್ಟೇ ಹಾಕಿದ್ದ. "ಕಳ್ಸಿದ್ದೀನಿ. ಟ್ರೈನ್ ಹತ್ತಿದ್ದೀನಿ, ಹೆದರ್ಬೇಡ." ಕೊನೆಗೆ, "ದೊಡ್ಡಾಸ್ಪತ್ರೇಲಿದ್ದೀನಿ. ನಿನ್ನ ಹೆಸ್ರು ಇಲ್ಲ ಅಂತಿದ್ದಾರೆ." ನನ್ನ ಅಂಗಡಿಯಿಂದ ಹತ್ತು ನಿಮಿಷದ ದಾರಿ ಅದು. ಒಂದು ಕರೆಯನ್ನೂ ನೀನು ಮಾಡಿರಲಿಲ್ಲ. ಯಾಕೆಂದು ನನಗೆ ಗೊತ್ತು.

ನಾನು ಫೋನ್ ಮಾಡಿ ವಿಷಯ ಹೇಳಿದೆ. "ಚೆನ್ನಾಗಿದ್ದೀಯಲ್ಲ, ಸಾಕು. ಟ್ರೈನಿಗೆ ಹೊತ್ತಾಯ್ತು" ಎಂದು ನೀನು ಇಟ್ಟುಬಿಟ್ಟೆ. ನಾನು ಕಂಟೋನ್ಮೆಂಟ್ ಸ್ಟೇಷನ್ನಿಗೆ ಓಡಿ ಬಂದೆ. ಮೂರು ಪ್ಲಾಟ್‌ಫಾರ್ಮ್ ಹುಡುಕಿದೆ. ನೀನು ಸಿಗಲಿಲ್ಲ.

ಆ ಸಂಜೆಯೇ ಸೈಬರ್ ಪೊಲೀಸರ ೧೯೩೦ ನಂಬರಿಗೆ ಕರೆ ಮಾಡಿ ದೂರು ಕೊಟ್ಟೆ. ದೂರಿನ ನಂಬರನ್ನು ಈ ಕಾಗದದ ಹಿಂದೆ ಬರೆದಿದ್ದೇನೆ. ನೀನೂ ದೂರು ಕೊಟ್ಟು ನಿನ್ನ ಬ್ಯಾಂಕಿಗೆ ತೋರಿಸು. ಹಣ ವಾಪಸ್ ಬಂದರೆ ಸರಿ, ಬಾರದಿದ್ದರೆ ನಾನು ಕೊಡುತ್ತೇನೆ, ಬೇಡವೆನ್ನಬೇಡ. ವಾಟ್ಸಾಪಿಗೆ ಆರಂಕಿಯ ಪಿನ್ ಹಾಕಿಕೋ. ಯಾರು ಕೇಳಿದರೂ ಕೋಡ್ ಕೊಡಬೇಡ, ಅವರು ಕಳಿಸಿದ ಕೋಡನ್ನು ಎಲ್ಲೂ ಹಾಕಬೇಡ. ಹಣ ಕೇಳಿದವಳು ನಾನೇ ಆದರೂ ಮೊದಲು ದನಿ ಕೇಳು. ನಾನಂತೂ ಈಗ ಸೂರತ್‌ನ ಲೇಸಿನವರು ಖಾತೆ ಬದಲಾಗಿದೆಯೆಂದು ಬರೆದರೂ, ಹಳೆಯ ನಂಬರಿಗೆ ಕರೆ ಮಾಡಿ ಕೇಳದೆ ಬಿಡುವುದಿಲ್ಲ. "ಭಾಗ್ಯಮ್ಮ ಪೊಲೀಸ್ ಆಗ್ಬಿಟ್ರು" ಎಂದು ಗಯಾಜ್ ಭಾಯ್ ನಗುತ್ತಾರೆ.

ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ವಾಟ್ಸಾಪ್ ಫೋಟೊದಲ್ಲಿರುವ ಚಿಕ್ಕವನ ಹೆಸರು ನನಗಿನ್ನೂ ತಿಳಿಯದು. ಅವನು ನಿನ್ನಂತೆಯೇ ಬೆಳೆಯಲಿ.

ಇಂತಿ ನಿನ್ನ,
ಭಾಗ್ಯಲಕ್ಷ್ಮಿ

ತಾ.ಕ.: ಎಂಟು ವರ್ಷದ ಹಿಂದೆ ನಿನ್ನಮ್ಮ ಐಸಿಯುನಲ್ಲಿದ್ದಾಗ "ಬಾರೇ ಭಾಗ್ಯ, ನಂಗೊಬ್ಳಿಗೇ ಆಗ್ತಿಲ್ಲ" ಎಂದು ನೀನು ಮೆಸೇಜು ಕಳಿಸಿದ್ದೆ. ಫೋನ್ ಕೆಟ್ಟಿತ್ತು, ನೋಡಲಿಲ್ಲ ಎಂದು ನಾನು ನಿನಗೆ ಹೇಳಿದ್ದೆ. ಸುಳ್ಳು. ಆ ಸಂಜೆಯೇ ಓದಿದ್ದೆ. ಎಲ್ಲಿ ದುಡ್ಡು ಕೇಳುತ್ತೀಯೋ ಎಂದು ಹೆದರಿ ಸುಮ್ಮನಿದ್ದೆ. ಬೆಳಗಾಗುವಷ್ಟರಲ್ಲಿ ಅಮ್ಮ ಹೋಗಿದ್ದರು. ನೀನು ದುಡ್ಡಿನ ಮಾತೇ ಎತ್ತಿರಲಿಲ್ಲ.