ಸುನಾಮಿ ಬಂದರೆ ತಾರಸಿಯ ಕೀಲಿಕೈ ಯಾರ ಹತ್ತಿರ?

ಶಾಲಾ ಆಡಳಿತ ಮಂಡಳಿಯ ಮಾನ್ಯ ಅಧ್ಯಕ್ಷರೇ,

ಬರುವ ಗುರುವಾರ ಬೆಳಗ್ಗೆ ಅಸೆಂಬ್ಲಿಯಲ್ಲಿ ನನ್ನ ಮಗಳು ಸೌಮ್ಯಶ್ರೀ ಇಡೀ ಶಾಲೆಯ ಎದುರು ನಿಂತು ಕ್ಷಮೆ ಕೇಳಬೇಕೆಂದು ತಾವು ತೀರ್ಮಾನಿಸಿದ್ದೀರಿ. ಅವಳ ಅಪರಾಧವೇನೆಂದರೆ, ತಮ್ಮ ಶಾಲೆಯ ಸುನಾಮಿ ಡ್ರಿಲ್‌ನಲ್ಲಿ ಎಲ್ಲರೂ ಕೆಳಗೆ ಓಡುತ್ತಿದ್ದಾಗ ಅವಳೊಬ್ಬಳು ಮೇಲಕ್ಕೆ ಓಡಿದಳು. ಓಡಿದ್ದಲ್ಲದೆ ಒಂದನೇ ಕ್ಲಾಸಿನ ಮಗುವೊಂದರ ಕೈಯನ್ನೂ ಹಿಡಿದುಕೊಂಡು ಹೋದಳು. ಮಸ್ಕತ್ತಿನ ಹಮ್ರಿಯಾದ ನಮ್ಮ ಅಡುಗೆಮನೆಯಲ್ಲಿ ನಿಂತು ಇದನ್ನು ಎಷ್ಟು ಸಲ ಬಾಯಿಬಿಟ್ಟು ಹೇಳಿಕೊಂಡರೂ ಇದರಲ್ಲಿ ಅಪರಾಧ ಯಾವ ಮೂಲೆಯಲ್ಲಿದೆ ಎಂದು ನನಗೆ ಹೊಳೆಯುತ್ತಿಲ್ಲ. ತಾವೂ ಕನ್ನಡದವರು, ನನ್ನ ಇಂಗ್ಲಿಷಿನಲ್ಲಿ ಇಷ್ಟೊಂದು ಸಿಟ್ಟು ಹಿಡಿಸುವುದೂ ಇಲ್ಲ. ಆದ್ದರಿಂದ ಕನ್ನಡ ಸಂಘದ ಪತ್ರಿಕೆಯಲ್ಲಿ, ನಾಲ್ಕು ಜನರ ಎದುರಿಗೇ ಕೇಳುತ್ತಿದ್ದೇನೆ.

ಬರೆಯಬೇಡ ಎಂದು ನಮ್ಮವರು, ಅಂದರೆ ನನ್ನ ಗಂಡ ಗುರುವ, ಹೇಳದೆ ಇರಲಿಲ್ಲ. "ಎಣ್ಣೆ ರೇಟು ಬಿದ್ದ ಮೇಲೆ ಆಫೀಸಲ್ಲಿ ಒಂದೊಂದೇ ಕುರ್ಚಿ ಖಾಲಿ ಆಗ್ತಾ ಉಂಟು. ಈ ವರ್ಷ ಯಾರ ಕಣ್ಣಿಗೂ ಬೀಳದೆ ಇದ್ರೆ ಸಾಕು ಮಾರಾಯ್ತಿ. ಒಂದು ಸಾರಿ ಹೇಳಿ ಖಲಾಸ್ ಮಾಡ್ಲಿ ಅವಳು" ಎಂದರು. ಅವರ ಸಂಕಟ ನನಗೆ ಗೊತ್ತು. "ಆಫೀಸಲ್ಲಿ ನೀವು ತಲೆ ತಗ್ಗಿಸಿ ಕೂತ್ಕೊಳ್ಳಿ, ನಾನು ಬೇಡ ಹೇಳುದಿಲ್ಲ. ಅವಳ ತಲೆ ಯಾಕೆ ತಗ್ಗಿಸ್ಬೇಕು?" ಎಂದೆ. ಅವರು ಟಿವಿ ಹಾಕಿದರು.

ಮೇಲಕ್ಕೆ ಓಡಬೇಕೆಂದು ಅವಳಿಗೆ ಕಲಿಸಿದವರು ಯಾರು ಸ್ವಾಮಿ? ತಾವೇ! ಚಳಿಗಾಲದ ರಜೆಯಲ್ಲಿ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ನಾಗಪಟ್ಟಣಕ್ಕೆ ಶೈಕ್ಷಣಿಕ ಪ್ರವಾಸವೆಂದು ಕಳಿಸಿದ್ದು ತಾವು. ಸುನಾಮಿಯಲ್ಲಿ ಅಷ್ಟೆಲ್ಲ ಕಳೆದುಕೊಂಡ ಊರು ಹೇಗೆ ಮತ್ತೆ ಎದ್ದು ನಿಂತಿತು, ಮುಂದಿನ ಸಲಕ್ಕೆ ಹೇಗೆ ತಯಾರಾಗಿದೆ ಎಂದು ಮಕ್ಕಳು ಕಣ್ಣಾರೆ ಕಂಡು ಬರಲಿ ಎಂದಿರಿ. ನಾನೂ ಒಳ್ಳೆಯದಾಯಿತು ಎಂದುಕೊಂಡೆ. ಅಲ್ಲಿನ ಒಂದು ಶಾಲೆಯ ಟೀಚರ್ ಇವರಿಗೆ ಅಲ್ಲಿಯ ಹೊಸ ಕಟ್ಟಡದ ಮೆಟ್ಟಿಲು ತೋರಿಸಿದರಂತೆ. ಮನೆಗೆ ಬಂದು ಚಪ್ಪಲಿ ಕಳಚುವ ಮೊದಲೇ ಸೌಮ್ಯ ಶುರು ಮಾಡಿದಳು: "ಅಮ್ಮಾ, ಅಲ್ಲಿ ಟೆರೇಸಿಗೆ ಸ್ಟೇರ್‌ಕೇಸ್ ಹೊರಗಿಂದಲೇ ಉಂಟು. ನೋ ಡೋರ್, ನೋ ಲಾಕ್! ಸೈರನ್ ಆದ್ರೆ ದೊಡ್ಡ ಮಕ್ಕಳು ಚಿಕ್ಕ ಮಕ್ಕಳ ಕೈ ಹಿಡ್ಕೊಂಡು ಸ್ಟ್ರೈಟ್ ಮೇಲೆ." ಪ್ರವಾಸಕ್ಕೆ ಹೋದ ಮಗು ಅಂಗಡಿಯ ಮಾತು, ಐಸ್‌ಕ್ರೀಮಿನ ಮಾತು ಬಿಟ್ಟು ಮೆಟ್ಟಿಲಿನ ಮಾತಾಡಿತು. ಅವಳು ಕಲಿತಿದ್ದಾಳೆ ಎಂದು ನಾನು ಹಿಗ್ಗಿದೆ.

ಬೀಗದ ವಿಷಯದಲ್ಲಿ ನನಗೊಂದು ಹಳೆಯ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಗೋನು ಚಂಡಮಾರುತ ಬಂದ ವರ್ಷ ನಾವು ಹಮ್ರಿಯಾದ ಇದೇ ಕಟ್ಟಡದ ನೆಲಮಹಡಿಯಲ್ಲಿದ್ದೆವು. ಸೌಮ್ಯ ಇನ್ನೂ ಕೆ.ಜಿ. ವರ್ಷವಿಡೀ ಒಣಗಿ ಬಿದ್ದಿರುವ, ನಾವೆಲ್ಲ ಕಾರು ನಿಲ್ಲಿಸುವ ಹಳ್ಳ, ಇಲ್ಲಿನವರ ಬಾಯಲ್ಲಿ ವಾದಿ, ಅದೇ ಅವತ್ತು ಹೊಳೆಯಾಗಿ ಬೀದಿಗೆ ಬಂತು, ಅಂಗಡಿಗಳಿಗೆ ನುಗ್ಗಿತು, ನಮ್ಮ ಹೊಸ್ತಿಲನ್ನೂ ದಾಟಿತು. ಮಗುವನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲು ಹತ್ತಿದೆವು. ಕಟ್ಟಡದ ಜನರೆಲ್ಲ ತಾರಸಿಯ ಬಾಗಿಲ ಮುಂದೆ ಗುಂಪುಗೂಡಿದ್ದರು, ಬಾಗಿಲಿಗೆ ಬೀಗ ಜಡಿದಿತ್ತು. ನೀರಿನ ಟ್ಯಾಂಕು, ಡಿಶ್ ಆಂಟೆನಾ ಯಾರೂ ಮುಟ್ಟದಿರಲಿ ಎಂದು ತಾರಸಿಗೆ ಬೀಗ ಹಾಕಿಡುವುದು ಇಲ್ಲಿನ ಕಟ್ಟಡಗಳ ರೂಢಿ. ಕೀಲಿಕೈ ವಾಚ್‌ಮನ್ ಹತ್ತಿರ, ವಾಚ್‌ಮನ್ ಎಲ್ಲಿ ಎಂದು ದೇವರಿಗೇ ಗೊತ್ತು. ಆಗ ಮೊದಲ ಮಹಡಿಯ ಆಸಿಯಮ್ಮ ತಮ್ಮ ಮನೆಗೆ ಇಳಿದು ಹೋಗಿ ಅರೆಯುವ ಕಲ್ಲಿನ ಗುಂಡನ್ನು ಎತ್ತಿಕೊಂಡು ಬಂದರು. ಉಪ್ಪಿನಂಗಡಿಯಿಂದ ಹಳೆಯ ಸೀರೆಯಲ್ಲಿ ಸುತ್ತಿ ತಂದ ಗುಂಡು ಅದು. ಏರ್‌ಪೋರ್ಟಿನಲ್ಲಿ ಇದೇನು ಎಂದು ಕೇಳಿದಾಗ "ಚಟ್ನಿ" ಎಂದು ಹೇಳಿ ಪಾರಾಗಿದ್ದರಂತೆ. ಆ ಗುಂಡಿನಿಂದ ಗಂಡಸರು ಬೀಗ ಒಡೆದರು, ನಾವು ಬದುಕಿದೆವು. ಅವತ್ತಿನಿಂದ ನಾನೂ ಮಗಳಿಗೆ ನೀರು ಬಂದರೆ ಮೇಲೆ ಓಡು ಎಂದೇ ಹೇಳುತ್ತಾ ಬಂದಿದ್ದೇನೆ.

ಈಗ ತಮ್ಮ ಡ್ರಿಲ್‌ಗೆ ಬರೋಣ. ಇದು ಮುನ್ಸೂಚನೆಯಿಲ್ಲದೆ ನಡೆದ ಅಣಕು ಕಾರ್ಯಾಚರಣೆ ಎಂದು ಶಾಲೆಯ ಫೇಸ್‌ಬುಕ್ಕಿನಲ್ಲಿ ಹಾಕಿದ್ದೀರಿ. ಹಾಗಾದರೆ ಹಿಂದಿನ ದಿನವೇ ಮಕ್ಕಳೆಲ್ಲ ಶೂ ಪಾಲಿಶ್ ಮಾಡಿಕೊಂಡು, ಇಸ್ತ್ರಿ ಹಾಕಿದ ಯೂನಿಫಾರ್ಮ್‌ನಲ್ಲಿ ಬರಬೇಕೆಂದು ಸರ್ಕ್ಯುಲರ್ ಯಾಕೆ ಬಂತು? ಸೈರನ್ ಆಗುವುದಕ್ಕೆ ಮೊದಲೇ ಮೈದಾನದಲ್ಲಿ ಅತಿಥಿಗಳಿಗೆ ಸೋಫಾ, ಕಾರ್ಪೆಟ್ ಹಾಕಿದವರು ಯಾರು? ಮಾವಿನ ಜ್ಯೂಸಿನ ಪೊಟ್ಟಣಗಳು ಸುನಾಮಿಯ ಜೊತೆಗೇ ತೇಲಿ ಬಂದವೇ? ಆ ಮೈದಾನವಾದರೂ ಎಲ್ಲಿದೆ ಹೇಳಿ. ವಾದಿಯ ಗೋಡೆಗೆ ತಾಗಿಕೊಂಡು, ಇಡೀ ಆವರಣದಲ್ಲೇ ಅತಿ ತಗ್ಗಿನ ಜಾಗದಲ್ಲಿದೆ. ನನ್ನ ಗುಮಾನಿ ಇಷ್ಟೇ: ವರ್ಷಕ್ಕೆರಡು ಸಲ ಮಾಡುವ ಬೆಂಕಿಯ ಡ್ರಿಲ್ಲನ್ನೇ ತಾವು ಬ್ಯಾನರ್ ಬದಲಾಯಿಸಿ ಸುನಾಮಿಯ ಡ್ರಿಲ್ ಮಾಡಿದ್ದೀರಿ. ಬೆಂಕಿ ಬಿದ್ದರೆ ಕೆಳಗೆ ಓಡಬೇಕು, ಸರಿ. ನೀರು ಬಂದರೂ ಕೆಳಗೇ ಓಡಬೇಕೇ?

ಅವತ್ತು ಸೈರನ್ ಆದಾಗ ಒಂದನೇ ಕ್ಲಾಸಿನ ಜಮೀಲಾ ಕಾರಿಡಾರಿನಲ್ಲಿ ಹೆದರಿ ನಿಂತಿದ್ದಳಂತೆ. ಜಮೀಲಾ ಎಂದರೆ ನಮ್ಮ ಆಸಿಯಮ್ಮನ ಮೊಮ್ಮಗಳು. ಸೌಮ್ಯ ಅವಳ ಕೈ ಹಿಡಿದು, "ಬಾ, ಮೇಲೆ ಸೇಫ್ ಉಂಟು" ಎಂದು ಮೆಟ್ಟಿಲು ಹತ್ತಿಸಿದಳು. ದೊಡ್ಡಕ್ಕ ಹೋದ ಕಡೆಗೆ ಇನ್ನೂ ಕೆಲವು ಚಿಕ್ಕ ಮಕ್ಕಳು ಹಿಂದೆಯೇ ಹತ್ತಿದವು. ಹೋಗಿ ನೋಡಿದರೆ ತಾರಸಿಯ ಬಾಗಿಲಿಗೆ ಬೀಗ! ಮೇಲೆ ಜಾಗವಿಲ್ಲ, ಕೆಳಗಿನಿಂದ ಟೀಚರುಗಳ ಕೂಗು, ನಡುವೆ ತಿರುಗಿ ಇಳಿಯಲು ಹೋದ ಜಮೀಲಾ ಜಾರಿ ಮೊಣಕಾಲು ತರಚಿಕೊಂಡಳು. ಬಾಗಿಲ ಗಾಜಿನ ಮೂಲಕ ಸೌಮ್ಯ ತಾರಸಿಯನ್ನು ಇಣುಕಿ ನೋಡಿದಳಂತೆ. ಮುರಿದ ಬೆಂಚುಗಳು ರಾಶಿ ಬಿದ್ದಿದ್ದವು, ಅವುಗಳ ಮೇಲೆ ವಾರ್ಷಿಕೋತ್ಸವದ ನಾಟಕಕ್ಕೆಂದು ನೀಲಿ ಬಣ್ಣ ಬಳಿದ ಪ್ಲೈವುಡ್ಡಿನ ದೊಡ್ಡ ಅಲೆ ಒರಗಿತ್ತು. ಅಂತೂ ತಮ್ಮ ಶಾಲೆಯಲ್ಲಿ ಅವತ್ತು ಅಲೆಯೊಂದೇ ಸುರಕ್ಷಿತ ಜಾಗದಲ್ಲಿತ್ತು ಎಂದಾಯಿತು.

ನನ್ನನ್ನು ಕರೆಸಿದ ದಿನ ತಾವು ಆಡಿದ ಮಾತು ನೆನಪಿದೆಯೇ? ನನಗಂತೂ ಚೆನ್ನಾಗಿ ನೆನಪಿದೆ. "ನೋಡಿ ಮೇಡಂ, ಮೇಲಾ ಕೆಳಗಾ ಅನ್ನೋದಲ್ಲ ಪ್ರಶ್ನೆ. ಡಿಸಿಪ್ಲಿನ್ ಅಂತ ಒಂದಿರುತ್ತಲ್ವಾ? ಗೆಸ್ಟ್ ಮುಂದೆ ಸ್ಕೂಲಿನ ಮರ್ಯಾದೆ ಏನಾಯ್ತು ಹೇಳಿ" ಎಂದಿರಿ.

"ನೀರು ಬಂದ್ರೆ ಅದಕ್ಕೂ ಡಿಸಿಪ್ಲಿನ್ ಉಂಟಾ ಸಾರ್?" ಎಂದೆ.

"ಅಯ್ಯೋ, ಅದು ಬರೀ ಡ್ರಿಲ್ ಮೇಡಂ! ನಿಜವಾದ ನೀರು ಎಲ್ಲಿತ್ತು?"

ಕೀಲಿಕೈ ಯಾರ ಹತ್ತಿರ ಇದೆ ಎಂದು ಕೇಳಿದೆ. "ಅದು ಅಡ್ಮಿನ್ ವಿಷ್ಯ, ನಿಮಗ್ಯಾಕೆ?" ಎಂದು ಮೊಬೈಲ್ ನೋಡತೊಡಗಿದಿರಿ. ಅಲ್ಲಿಂದ ನನ್ನ ಸಂಶಯ ಬಲಿಯಿತು. ಹೊರಗೆ ವಿಚಾರಿಸಿದರೆ ಬಾಯಿಗೊಂದು ಮಾತು. ಒಬ್ಬರು ಆಫೀಸಿನ ಡ್ರಾಯರಿನಲ್ಲಿದೆ ಎನ್ನುತ್ತಾರೆ, ಇನ್ನೊಬ್ಬರು ಎ.ಸಿ. ರಿಪೇರಿಯವನ ಹತ್ತಿರ ಎನ್ನುತ್ತಾರೆ. ಖರ್ಚು ಕಡಿಮೆ ಮಾಡಲೆಂದು ತಾವು ಊರಿಗೆ ಕಳಿಸಿದ ವಾಚ್‌ಮನ್‌ನ ಜೇಬಿನಲ್ಲೇ ಅದು ವಿಮಾನ ಹತ್ತಿತು ಎನ್ನುವವರೂ ಇದ್ದಾರೆ. ಇದರಲ್ಲಿ ಯಾವುದು ನಿಜ ಎಂದು ತಮಗಾದರೂ ಗೊತ್ತಿದೆಯೇ? ಗೊತ್ತಿಲ್ಲ ಎಂದೇ ನನಗೆ ಅನುಮಾನ. ಗೊತ್ತಿದ್ದಿದ್ದರೆ ಅವತ್ತೇ ಹೇಳುತ್ತಿದ್ದಿರಿ. ಒಂದು ಕೀಲಿಕೈ ಕಳೆದುಹೋದದ್ದು ಹೊರಗೆ ಬೀಳದಿರಲಿ ಎಂದು ನನ್ನ ಮಗಳನ್ನು ಮುಂದೆ ನಿಲ್ಲಿಸುತ್ತಿದ್ದೀರೋ ಎಂದೂ ಅನಿಸುತ್ತದೆ. ಅನಿಸುವುದು ತಪ್ಪಾದರೆ ತಪ್ಪೆಂದು ಹೇಳಿ, ಜೊತೆಗೆ ಕೀಲಿಕೈಯನ್ನೂ ತೋರಿಸಿ.

ಈ ನಡುವೆ ಮುಂದಿನ ಬ್ಯಾಚನ್ನು ನಾಗಪಟ್ಟಣಕ್ಕೆ ಕಳಿಸುವ ಸುದ್ದಿಯೂ ಬಂದಿದೆ. ಇದು ಯಾಕೆ ಎಂದು ಕೇಳಬಹುದೇ? ಹೋದ ಮಕ್ಕಳು ಅಲ್ಲಿ ನೋಡಿದ್ದನ್ನು ಇಲ್ಲಿ ಮಾಡಿದರೆ ಶಿಕ್ಷೆ. ಮಾಡದೆ ಸುಮ್ಮನೆ ಸಾಲಿನಲ್ಲಿ ನಿಂತು ಕೈ ಬೀಸಿದರೆ ಸ್ಕೂಲ್ ಮ್ಯಾಗಜಿನ್ನಿನ ಮುಖಪುಟ. ಹಾಗಾದರೆ ಪ್ರವಾಸ ಫೋಟೋಗೆಂದು ಸ್ಪಷ್ಟವಾಗಿ ಹೇಳಿಬಿಡಿ, ಮಕ್ಕಳಿಗೆ ಒಳ್ಳೆಯ ಅಂಗಿ ಹಾಕಿ ಕಳಿಸುತ್ತೇವೆ. ಕಲಿಯಲಿಕ್ಕೆ ಎಂದು ಮಾತ್ರ ಹೇಳಬೇಡಿ, ನಮ್ಮ ಮಕ್ಕಳು ನಂಬಿಬಿಡುತ್ತಾರೆ.

ಮಗುವಿಗೆ ಗಾಯವಾಯಿತು ಎಂದು ತಾವು ಹೇಳಿದ್ದು ನನ್ನನ್ನು ಚುಚ್ಚಿದ್ದು ನಿಜ. ಆಸಿಯಮ್ಮನ ಮುಖ ಹೇಗೆ ನೋಡಲಿ ಎಂದು ಮುದುಡಿಕೊಂಡೇ ಅವರ ಮನೆಗೆ ಹೋದೆ. ಅವರು ಮೀನು ಕತ್ತರಿಸುತ್ತಿದ್ದವರು ತಲೆ ಎತ್ತಿ, "ಅಲ್ಲ ವೇದಾ, ಎಂತ ಇದು? ಮಕ್ಕಳಿಗೆ ಮೇಲೆ ಹೋಗ್ಲಿಕ್ಕೆ ಕಲಿಸುದು, ಬಾಗಿಲಿಗೆ ಬೀಗ ಹಾಕುದು! ಅವರಿಗೆ ಮಂಡೆ ಸಮ ಉಂಟಾ?" ಎಂದರು. ಪಕ್ಕದಲ್ಲಿ ಕೂತಿದ್ದ ಜಮೀಲಾ ಮೊಣಕಾಲಿನ ಪ್ಲಾಸ್ಟರ್ ಎಳೆಯುತ್ತಾ, "ಆ ಡೋರ್ ಯಾವಾಗ ಓಪನ್ ಮಾಡ್ತಾರೆ ಆಂಟಿ?" ಎಂದು ಕೇಳಿದಳು. ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ ಸ್ವಾಮಿ.

ಮನೆಗೆ ಬಂದರೆ ಸೌಮ್ಯ ತಾವು ಬರೆಸಿ ಕೊಟ್ಟ ವಾಕ್ಯವನ್ನು ಬಾಯಿಪಾಠ ಮಾಡುತ್ತಿದ್ದಳು: ನಾನು ಹೆದರಿ ಶಿಸ್ತು ಮುರಿದೆ ಎಂದು. ನಿಲ್ಲಿಸು ಎಂದೆ. ಅವಳು ನಿಲ್ಲಿಸಿ ಹೇಳಿದಳು: "ನಾನು ಹೆದರ್ಲಿಲ್ಲ ಅಮ್ಮ. ಆದ್ರೆ ಸಾರಿ ಹೇಳ್ತೇನೆ. ಜಮೀಲಾಗೆ. ಮೇಲೆ ಸೇಫ್ ಉಂಟು ಅಂತ ಹೇಳಿ ಕರ್ಕೊಂಡು ಹೋದೆ. ನೋಡಿದ್ರೆ ಲಾಕ್. ನಾನು ಅವಳಿಗೆ ಸುಳ್ಳು ಹೇಳಿದ ಹಾಗೆ ಆಯ್ತಲ್ಲ?"

ಮಾನ್ಯರೇ, ಆ ಸುಳ್ಳು ಅವಳದಲ್ಲ, ತಮ್ಮದು. ಅದಕ್ಕೇ ಗುರುವಾರ ನಾನೂ ಬರುತ್ತೇನೆ, ಆಸಿಯಮ್ಮನೂ ಬರುತ್ತಾರೆ. ಇಡೀ ಶಾಲೆ ನೋಡುತ್ತಿರುವಂತೆ ತಾವೇ ಮೆಟ್ಟಿಲು ಹತ್ತಿ ತಾರಸಿಯ ಬೀಗ ತೆಗೆಯಬೇಕು, ಮುರಿದ ಬೆಂಚುಗಳನ್ನೂ ಆ ಪ್ಲೈವುಡ್ ಅಲೆಯನ್ನೂ ಕೆಳಗಿಳಿಸಬೇಕು, ಆ ಬಾಗಿಲಿಗೆ ಇನ್ನು ಮುಂದೆ ಶಾಲೆಯ ಹೊತ್ತಿನಲ್ಲಿ ಬೀಗ ಬೀಳಬಾರದು. ಮೊದಲು ಜಮೀಲಾ ತಾರಸಿಗೆ ಕಾಲಿಡಲಿ. ಅದಾದ ಮೇಲೆ ನನ್ನ ಮಗಳು ಅವಳಿಗೆ ಸಾರಿ ಹೇಳುತ್ತಾಳೆ, ಆ ಸಾಲಿನಲ್ಲಿ ಇನ್ನು ಯಾರು ಯಾರು ನಿಲ್ಲಬೇಕೋ ತಾವು ಯೋಚಿಸಿ. ಕೀಲಿಕೈ ಅಷ್ಟರೊಳಗೆ ಸಿಗದಿದ್ದರೆ ಗಾಬರಿಯಾಗಬೇಡಿ. ಆಸಿಯಮ್ಮ ಗುಂಡುಕಲ್ಲನ್ನು ತೊಳೆದು, ಅದೇ ಹಳೆಯ ಸೀರೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಗೇಟಿನಲ್ಲಿ ಕೇಳಿದರೆ ಚಟ್ನಿ ಎನ್ನುತ್ತಾರೆ.

ಇಂತಿ,
ಮಗಳು ಕಲಿತು ಬರಲೆಂದು ಕಳಿಸಿ, ಅವಳು ನಿಜವಾಗಿಯೂ ಕಲಿತು ಬಂದದ್ದರಿಂದ ಪೇಚಿಗೆ ಸಿಕ್ಕಿದ ತಾಯಿ,
ವೇದಾವತಿ
ಹಮ್ರಿಯಾ, ಮಸ್ಕತ್