ಒಂದನೇ ಸ್ಥಾನ ಖಾಲಿ ಇದೆ

ಸೆಪ್ಟೆಂಬರ್ ೧೪, ಭಾನುವಾರ
ಮಧ್ಯಾಹ್ನ ಮೂರು ಗಂಟೆ

ಲಾಳಿಕೆ ದಳದ ಏಕಮಾತ್ರ ದಂಡನಾಯಕನೂ ನನ್ನ ಏಕಮಾತ್ರ ತಮ್ಮನೂ ಆದವನಿಗೆ,

ಈ ಮೂಲಕ ಸಮಸ್ತ ಲೋಕಕ್ಕೆ ಘೋಷಿಸುವುದೇನೆಂದರೆ, ಸರ್ವಕಾಲದ ಸರ್ವಶ್ರೇಷ್ಠ ಯುದ್ಧಚಿತ್ರಗಳು ಯಾವುವು ಎಂಬ, ಇಷ್ಟು ದಿನ ಮನುಕುಲದ ನೆಮ್ಮದಿ ಕೆಡಿಸಿದ್ದ ಪ್ರಶ್ನೆ ಕೊನೆಗೂ ಬಗೆಹರಿದಿದೆ. ಬಗೆಹರಿಸಿದವರು ನಾಲ್ಕು ಜನ: ನಿನ್ನ ಅಣ್ಣ, ನಿನ್ನ ಅತ್ತಿಗೆ, ಒಬ್ಬ ಹಲ್ಲಿನ ಡಾಕ್ಟರು ಮತ್ತು ಒಬ್ಬ ದರ್ಜಿ. ಹತ್ತರಲ್ಲಿ ಒಂಬತ್ತು ಬಗೆಹರಿದಿವೆ ಎಂದರೆ ಲೆಕ್ಕ ಸರಿಯಾದೀತು. ಉಳಿದಿರುವುದು ಒಂದನೇ ಸ್ಥಾನ. ಅದು ನಿನ್ನ ಕೈಯಲ್ಲಿದೆ. ಅದಕ್ಕೇ ಈ ಕಾಗದ.

ತಡ ಮಾಡಿದ್ದಕ್ಕೆ ಬೈಯಬೇಡ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ಒಪ್ಪುತ್ತೇನೆ. ಅದನ್ನು ಕಾಗದ ಎಂದು ಕರೆಯುತ್ತಿರುವುದೇ ನನ್ನ ದೊಡ್ಡತನ. "ಅಣ್ಣಾ, ನಾನು ಸಿನಿಮಾ ನೋಡಲ್ಲ. ಎಲ್ಲರೂ ಕ್ಷೇಮ." ಒಟ್ಟು ಆರು ಪದ. ಆರು ಪುಟ ಬರೆದವರಿಗೆ ಉತ್ತರಿಸುವುದು ಸುಲಭ. ಆರು ಪದ ಬರೆದವರಿಗೆ ಏನೆಂದು ಉತ್ತರಿಸುವುದು? ನಾಲ್ಕು ಸಲ ಶುರು ಮಾಡಿ ನಾಲ್ಕು ಸಲ ಹರಿದೆ. ಐದನೆಯದು ಇದು.

ನಿನಗೆ ಆಗ ಪೂರ್ತಿ ಹೇಳಿರಲಿಲ್ಲ, ಈಗ ಕೇಳು. ನಮ್ಮ ವಾರಪತ್ರಿಕೆಯ ಸಂಪಾದಕರು ಜೂನ್ ತಿಂಗಳಲ್ಲಿ ನನ್ನನ್ನು ಕರೆದು, "ವಿಶೇಷ ಸಂಚಿಕೆ ತರ್ತಿದ್ದೀವಿ ಕಣ್ರೀ. ಯುದ್ಧದ ಸಿನಿಮಾ ಹತ್ತು ಆರಿಸಿಕೊಡಿ. ಗಂಭೀರವಾಗಿರಲಿ, ದಯವಿಟ್ಟು ನಗಿಸೋಕೆ ಹೋಗಬೇಡಿ" ಎಂದರು.

"ಇಪ್ಪತ್ತು ವರ್ಷದಿಂದ ನಿಮ್ಮಲ್ಲಿ ಹಾಸ್ಯ ಅಂಕಣ ಬರೀತಿದ್ದೀನಿ ಸಾರ್, ಒಬ್ಬರಾದ್ರೂ ನಕ್ಕಿದ್ದು ನೋಡಿದ್ದೀರಾ?" ಎಂದೆ.

ಅವರು ನಗಲಿಲ್ಲ. ಮೇಲಿಂದ ಒಂದು ಷರತ್ತು ಹಾಕಿದರು. "ಸಮಿತೀಲಿ ನಿಜವಾದ ಯುದ್ಧ ಕಂಡವರು ಒಬ್ಬರಾದ್ರೂ ಇರಬೇಕು. ಇಲ್ಲದಿದ್ರೆ ಓದುಗರು ನಮ್ಮನ್ನ ಸುಮ್ಮನೆ ಬಿಡಲ್ಲ. ನಿಮ್ಮ ತಮ್ಮ ಫಿರಂಗಿ ದಳದಲ್ಲಿದ್ದರಲ್ಲ?"

"ಇದ್ದ. ಈಗ ಹೊಲಿಗೆ ಯಂತ್ರ ರಿಪೇರಿ ಮಾಡ್ತಾನೆ."

"ಏನಾದ್ರೂ ಮಾಡಲಿ. ಅವರದೊಂದು ವೋಟು ತಂದುಬಿಡಿ."

ತರಲು ಹೋದವನಿಗೆ ಸಿಕ್ಕಿದ್ದು ಆರು ಪದ. ಇರಲಿ.

ಸಮಿತಿಯ ಕಾರ್ಯಕಲಾಪ ನಡೆದದ್ದು ಡಾಕ್ಟರ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ, ಪ್ರತಿ ಭಾನುವಾರ ಬೆಳಗ್ಗೆಯಿಂದ ಸಂಜೆವರೆಗೆ. ಅಲ್ಲಿ ದೊಡ್ಡ ಟೀವಿ ಇದೆ, ಉದ್ದನೆಯ ಬೆಂಚಿದೆ, ದವಡೆ ಹಲ್ಲನ್ನು ಉದ್ದಕ್ಕೆ ಸೀಳಿ ತೋರಿಸುವ ಒಂದು ಚಿತ್ರಪಟವಿದೆ, ಯಾವ ಬಾಂಬಿಗೂ ಜಗ್ಗದ ಮೂರು ಮೀನುಗಳಿವೆ. ಎರಡನೇ ವಾರ ಹಲ್ಲುನೋವಿನವರೊಬ್ಬರು ಕೆನ್ನೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರಂತೆ. ಒಳಗಿಂದ "ಅಯ್ಯೋ, ಸತ್ತೆ! ಬಿಟ್ಟುಬಿಡಿ!" ಎಂಬ ಕೂಗು ಕೇಳಿ ಹಾಗೆಯೇ ಇಳಿದು ಹೋದರಂತೆ. ಡಾಕ್ಟರು ಈಗಲೂ ಅದಕ್ಕೆ ನನ್ನನ್ನೇ ಹೊಣೆ ಮಾಡುತ್ತಾರೆ.

ನಲವತ್ತೊಂದು ಸಿನಿಮಾ ನೋಡಿದೆವು, ತಮ್ಮಾ. ನ್ಯಾಯ ಎಂದರೆ ಏನೆಂದು ಆಗ ಗೊತ್ತಾಯಿತು. ಡಾಕ್ಟರು ಹಲ್ಲು ನೋಡಿ ಅಂಕ ಕೊಡುತ್ತಾರೆ. "ಆರು ತಿಂಗಳು ಕಂದಕದಲ್ಲಿ ಬಿದ್ದಿದ್ದಾನಂತೆ, ಮುಂದಿನ ಹಲ್ಲು ನೋಡಿ, ಹಾಲಿನ ಹಾಗಿದೆ. ಸುಳ್ಳು! ಎರಡು ಅಂಕ ಕಳೀರಿ." ದರ್ಜಿ ಅವರಿಗಿಂತ ಒಂದು ಕೈ ಮೇಲು. ಸೈನಿಕ ಸಾಯುವಾಗ ಎಲ್ಲರೂ ಮುಖ ನೋಡಿದರೆ ಅವರು ಅಂಗಿ ನೋಡುತ್ತಾರೆ. "ಗುಂಡು ತಾಗಿದ್ದು ಎಡಗಡೆ, ತೂತು ಬಿದ್ದಿದ್ದು ಬಲಗಡೆ. ಮುಂದಿನ ಸೀನಲ್ಲಿ ತೂತೇ ಇಲ್ಲ! ರಣರಂಗದಲ್ಲಿ ರಫೂ ಹಾಕಿದವನು ಯಾರು? ಅವನ ವಿಳಾಸ ಕೊಡಿ, ನಾಳೆಯಿಂದ ಕೆಲಸಕ್ಕೆ ಇಟ್ಕೋತೀನಿ." ಹೀಗೆ ಜಗತ್ತು ಕೊಂಡಾಡಿದ ಹತ್ತಾರು ಚಿತ್ರಗಳು ಇಸ್ತ್ರಿ ಮತ್ತು ದಂತಮಂಜನದ ಕಾರಣಕ್ಕೆ ನೆಲಕಚ್ಚಿದವು.

ನಿನ್ನ ಅತ್ತಿಗೆ ಬಿಸ್ಕತ್ತು ಹಂಚಲು ಬಂದವಳು ಸದಸ್ಯೆಯಾಗಿ ಉಳಿದಳು. ಅವಳ ಅಳತೆಗೋಲು ಬೇರೆಯೇ. ಪ್ರತಿ ಸಿನಿಮಾ ಮುಗಿದ ಮೇಲೂ ಒಂದೇ ಪ್ರಶ್ನೆ: "ಇವರ ಮನೇಲಿ ಯಾರಿದ್ದಾರೆ ಅಂತ ಒಂದು ಸಲನಾದ್ರೂ ತೋರಿಸಿದ್ರಾ?" ತೋರಿಸಿರುವುದಿಲ್ಲ. ತೋರಿಸಿದರೂ ಬಾಗಿಲಲ್ಲಿ ನಿಂತು ಕೈಬೀಸುವಷ್ಟು ಮಾತ್ರ. ಅವಳು ನಲವತ್ತು ಚಿತ್ರಗಳಿಗೆ ನೂರಕ್ಕೆ ಮೂವತ್ತರ ಮೇಲೆ ಕೊಟ್ಟದ್ದಿಲ್ಲ. ನನ್ನ ಅಂಕಣಕ್ಕೂ ಅಷ್ಟೇ ಕೊಡುತ್ತಾಳೆ, ಆದ್ದರಿಂದ ಪಕ್ಷಪಾತವೆನ್ನುವಂತಿಲ್ಲ.

ನಲವತ್ತೊಂದನೆಯದು ಅಧ್ಯಕ್ಷನಾದ ನನ್ನ ಆಯ್ಕೆ. ನೀನು ಆಗಲೇ ಊಹಿಸಿರುತ್ತೀಯ. ನಮ್ಮ ಕಹಳೆ ಸಿನಿಮಾ.

ನೆನಪಿದೆ ತಾನೇ? ಅಪ್ಪ ಯಂತ್ರ ಓಡಿಸುತ್ತಿದ್ದ ಟಾಕೀಸು. ನೌಕರರ ಮನೆಯವರಿಗೆ ಭಾನುವಾರ ಮಾತ್ರ ಪುಕ್ಕಟೆ ಪ್ರವೇಶ. ಕತ್ತು ನೋಯುವ ಮೊದಲ ಸಾಲು. ನಿನಗೆ ಹದಿನೆಂಟು, ನನಗೆ ಇಪ್ಪತ್ತು. ಹನ್ನೊಂದು ಭಾನುವಾರ ನೋಡಿದೆವು. ಗುಡ್ಡದ ತುದಿಯಲ್ಲಿ ಒಬ್ಬನೇ ನಿಂತು ಆ ಹುಡುಗ ಕಹಳೆ ಊದುತ್ತಾನೆ, ಕೆಳಗೆ ಸೋತು ಓಡುತ್ತಿದ್ದ ಪಡೆ ತಿರುಗಿ ನಿಲ್ಲುತ್ತದೆ, ಬಾವುಟ ಏರುತ್ತದೆ, ದೀಪ ಹತ್ತುತ್ತದೆ. ನಾವಿಬ್ಬರೂ ಬೆಂಚಿನ ಮೇಲೆ ನಿಂತು ಚಪ್ಪಾಳೆ. ಮನೆಗೆ ಬಂದು ನೀನು ಅಮ್ಮನ ಸೀಮೆಎಣ್ಣೆ ಲಾಳಿಕೆ ಊದುತ್ತಿದ್ದೆ. ಮೀಸೆ ಮೂಡಿದ ಗಂಡಸು ಲಾಳಿಕೆ ಊದುವುದನ್ನು ನೋಡಲು ಬೀದಿಯವರು ಬಾಗಿಲಿಗೆ ಬರುತ್ತಿದ್ದರು. ಅಮ್ಮ, "ಊದೋ ಊದು, ತುಟಿಗೆ ಎಣ್ಣೆ ಹತ್ತಿ ಬೆಂಕಿ ಹೊತ್ಕೊಂಡ್ರೆ ಆಗ ಗೊತ್ತಾಗುತ್ತೆ" ಎನ್ನುತ್ತಿದ್ದಳು. ಹನ್ನೆರಡನೇ ವಾರ ಸೋಮವಾರ ನೀನು ಸೇನೆಗೆ ಅರ್ಜಿ ಹಾಕಿದೆ.

ಈ ಚಿತ್ರದ ಪ್ರತಿ ಎಲ್ಲೂ ಸಿಗದೆ, ಕೊನೆಗೆ ಟಾರ್ಚ್ ಮಾಮನನ್ನು ಹಿಡಿದೆ. ಕತ್ತಲಲ್ಲಿ ಟಾರ್ಚು ಬಿಟ್ಟು ಸೀಟು ತೋರಿಸುತ್ತಿದ್ದನಲ್ಲ, ಅವನೇ. ಈಗ ಎಂಬತ್ತು ದಾಟಿದೆ. ಟಾಕೀಸು ಗೋದಾಮಾಗಿದೆ, ಅವನು ಅದೇ ಬಾಗಿಲಲ್ಲಿ ಕೂತು ಲಾರಿಗಳಿಗೆ ಸೀಟು ತೋರಿಸುತ್ತಾನೆ. ಹಳೆಯ ಚಿತ್ರಗಳನ್ನು ಕೂಡಿಡುವ ಒಬ್ಬರಿಂದ ಅವನೇ ಡಿಸ್ಕು ತರಿಸಿದ, ತಾನೂ ಬಂದು ಬೆಂಚಿನ ತುದಿಯಲ್ಲಿ ಕೂತ.

ಕಹಳೆ ಊದಿತು. ಬಾವುಟ ಏರಿತು. ನಾನು ಎದ್ದು ಚಪ್ಪಾಳೆ ತಟ್ಟಿ ಟೀವಿ ಆರಿಸಲು ಹೋದೆ.

"ಏನಪ್ಪಾ, ಎದ್ದೇಬಿಟ್ಟೆ? ಕೂತ್ಕೋ" ಎಂದ ಟಾರ್ಚ್ ಮಾಮ. "ಇನ್ನೂ ಹದಿನೇಳು ನಿಮಿಷ ಇದೆ."

"ಮುಗೀತಲ್ಲ ಮಾಮ, ಬಾವುಟ ಏರಿತು."

"ಭಾನುವಾರದವರಿಗೆ ಮುಗೀತು. ಭಾನುವಾರ ಐದು ಆಟ ಓಡಿಸಬೇಕು ಅಂತ ಮಾಲೀಕರ ಹುಕುಂ. ನಾಲ್ಕು ಆಟದ ಹೊತ್ತಲ್ಲಿ ಐದು ಹೆಂಗೆ ತುರುಕೋದು? ನಿಮ್ಮಪ್ಪ ಕೊನೇ ರೀಲು ಹಾಕ್ತಾನೇ ಇರಲಿಲ್ಲ. ಬಾವುಟ ಏರ್ತಿದ್ದ ಹಾಗೆ ನಾನು ಲೈಟು ಹಾಕಿ ಬಾಗಿಲು ತೆಗೀತಿದ್ದೆ. ಜನ ಶಿಳ್ಳೆ ಹೊಡ್ಕೊಂಡು ಹೋಗ್ತಿದ್ರು. ಒಬ್ಬನಾದ್ರೂ ಕೇಳಬೇಕಲ್ಲ!"

"ವಾರದ ದಿನ?"

"ವಾರದ ದಿನ ಪೂರ್ತಿ ಹಾಕ್ತಿದ್ವಿ. ಆ ದಿನ ಬರ್ತಿದ್ದಿದ್ದೇ ನಾಲ್ಕು ಜನ. ಅವರು ಮಾತಾಡದೆ ಎದ್ದು ಹೋಗ್ತಿದ್ರು."

ಅಧ್ಯಕ್ಷನಿಗೆ ಸಿಡಿಲು ಬಡಿದಂತಾಯಿತು. ಹನ್ನೊಂದು ಸಲ ನೋಡಿದ ಚಿತ್ರವನ್ನು ಒಂದು ಸಲವೂ ನೋಡಿಲ್ಲ ಎಂದರೆ ಯಾವ ಅಧ್ಯಕ್ಷ ತಡೆದುಕೊಂಡಾನು? ಕೂತು ನೋಡಿದೆ.

ಕೊನೆಯ ರೀಲಿನಲ್ಲಿ ಗುಂಡಿಲ್ಲ, ಗುಡ್ಡವಿಲ್ಲ. ಕಹಳೆಯವನು ಮನೆಗೆ ಬಂದಿದ್ದಾನೆ. ಜಗಲಿಯ ಮೇಲೆ ಕೂತು ಕಹಳೆ ಒರೆಸುತ್ತಿದ್ದಾನೆ. ಹಿಂದಿನಿಂದ ತಾಯಿ ಅವನನ್ನು ಕರೆಯುತ್ತಾಳೆ. ಅವನು ತಿರುಗುವುದಿಲ್ಲ. ಇನ್ನೊಮ್ಮೆ ಕರೆಯುತ್ತಾಳೆ. ಮೂರನೇ ಸಲ ಜೋರಾಗಿ. ಅವನು ಒರೆಸುತ್ತಲೇ ಇದ್ದಾನೆ. ಆಮೇಲೆ ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, ಸುತ್ತು ಹಾಕಿ ಬಂದು, ಅವನೆದುರು ಕೂರುತ್ತಾಳೆ. ಅಷ್ಟೇ.

ದರ್ಜಿ ಗುಂಡಿ ಎಣಿಸಲಿಲ್ಲ. ಡಾಕ್ಟರು ಮೀನಿಗೆ ಕಾಳು ಹಾಕಿದರು, ಸ್ವಲ್ಪ ಹೊತ್ತಿಗೆ ಮತ್ತೆ ಹಾಕಿದರು. ನಿನ್ನ ಅತ್ತಿಗೆ ಕಾಗದದ ಮೇಲೆ ನೂರು ಎಂದು ಬರೆದು ಬಿಸ್ಕತ್ತಿನ ಡಬ್ಬಿ ಮುಚ್ಚಿದಳು. ಮನೆಗೆ ಬರುವ ದಾರಿಯಲ್ಲಿ, "ಇದನ್ನ ಪೂರ್ತಿ ನೋಡಿದ್ದಿದ್ರೆ ನಿಮ್ಮ ತಮ್ಮ ಹೋಗ್ತಿದ್ದನಾ?" ಎಂದಳು.

"ಅವನು ಹಠಮಾರಿ, ಹೋಗೇ ಹೋಗ್ತಿದ್ದ" ಎಂದೆ.

ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಅವಳು ಮುಂದೆ ನಡೆದರೆ ಒಪ್ಪಿದ್ದಾಳೆಂದಲ್ಲ ಎಂಬುದು ನಿನಗೆ ಗೊತ್ತಿದ್ದದ್ದೇ.

ನಾಲ್ವರ ಮತವೂ ಆ ಚಿತ್ರಕ್ಕೇ ಬಿದ್ದಿದೆ. ಆದರೂ ನಿನ್ನ ಅತ್ತಿಗೆಯ ಒಂದೇ ಹಟ: "ಅವನನ್ನ ಕೇಳದೆ ಇದನ್ನ ಅಚ್ಚು ಹಾಕಬೇಡಿ." ಹಾಗಾಗಿ ಒಂದನೇ ಸ್ಥಾನದ ಮುಂದೆ ಗೆರೆ ಎಳೆದು ಬಿಟ್ಟಿದ್ದೇವೆ. ನೀನು ಸಿನಿಮಾ ನೋಡಬೇಕಾಗಿಲ್ಲ. ಏನಿದೆ ಎಂದು ಮೇಲೆ ಹೇಳಿಯಾಯಿತು.

ಉಳಿದಂತೆ ಇಲ್ಲಿ ಎಲ್ಲ ಹಾಗೆಯೇ. ನನಗೆ ಒಂದು ದವಡೆ ಹಲ್ಲು ಹೋಯಿತು. ಸಮಿತಿಯ ಸದಸ್ಯರೆಂಬ ದಾಕ್ಷಿಣ್ಯಕ್ಕೆ ಡಾಕ್ಟರ ಕೈಗೆ ಬಾಯಿ ಕೊಟ್ಟದ್ದರ ಫಲ. ಅತ್ತಿಗೆಯ ಹೊಲಿಗೆ ಯಂತ್ರ ಮತ್ತೆ ದಾರ ನುಂಗುತ್ತಿದೆ, "ಮೈದುನ ಬಂದು ನೋಡೋವರೆಗೂ ಬೇರೆಯವರ ಕೈಗೆ ಕೊಡಲ್ಲ" ಎಂದು ಮುಸುಕು ಹಾಕಿಟ್ಟಿದ್ದಾಳೆ. ಗಿರಾಕಿಗಳು ಈಗಲೂ ನಿನ್ನ ಎಡಗಿವಿಯ ಕಡೆ ನಿಂತು ಗಂಟಲು ಹರಿದುಕೊಳ್ಳುತ್ತಾರೆಯೇ? ಬಲಗಡೆ ಬನ್ನಿ ಎಂದು ಒಂದು ಬೋರ್ಡು ಬರೆಸಿ ಹಾಕು ಎಂದು ಎಷ್ಟು ಸಲ ಹೇಳಿದ್ದೇನೆ. ಮಗಳ ಪರೀಕ್ಷೆ ಚೆನ್ನಾಗಿ ಆಗಲಿ. ಅವಳಿಗೆ ದೊಡ್ಡಪ್ಪನ ಆಶೀರ್ವಾದ. ನಿಮ್ಮ ಮನೆಯಲ್ಲಿ ಎಲ್ಲರೂ ನಿದ್ದೆ ಬಂದಾಗ ಮಲಗಿ, ಹಸಿದಾಗ ಉಂಡು, ಒಬ್ಬರ ಮಾತು ಒಬ್ಬರಿಗೆ ಕೇಳುವಷ್ಟು ಹತ್ತಿರ ಇರಿ.

ಇಂತಿ ನಿನ್ನ
ಅಣ್ಣ
(ಅಧ್ಯಕ್ಷ, ಇನ್ನು ನಾಲ್ಕು ದಿನದ ಮಟ್ಟಿಗೆ)

ಮರೆತ ಮಾತು: ಮೇಲೆ ಸಿಡಿಲು ಬಡಿದಂತಾಯಿತು ಎಂದು ಬರೆದಿದ್ದೇನೆ. ಬಡಿಯಲಿಲ್ಲ. ಆ ರೀಲು ನನಗೆ ಗೊತ್ತಿತ್ತು.

ಐದನೇ ಭಾನುವಾರ ಅಪ್ಪನಿಗೆ ಊಟದ ಬುತ್ತಿ ಕೊಡಲು ಯಂತ್ರದ ಕೋಣೆಗೆ ಹೋಗಿದ್ದೆ. ಅಪ್ಪ ಕೈ ತೊಳೆಯಲು ಹೋಗಿದ್ದರು. ಮೂಲೆಯಲ್ಲಿ ಒಂದು ಡಬ್ಬ ಬೇರೆಯಾಗಿ ಕೂತಿತ್ತು. ತೆಗೆದು, ಫಿಲ್ಮಿನ ತುದಿಯನ್ನು ಬಲ್ಬಿಗೆ ಹಿಡಿದು ನೋಡಿದೆ. ಹಾಗೆ ನೋಡಿದರೆ ಸದ್ದು ಕೇಳುವುದಿಲ್ಲವಲ್ಲ. ಒಂದಾದ ಮೇಲೊಂದು ಪುಟ್ಟ ಚೌಕದಲ್ಲಿ ಆ ಹೆಂಗಸು ಬಾಯಿ ತೆರೆದುಕೊಂಡೇ ಇದ್ದಳು, ಅವನ ಬೆನ್ನು ಹಾಗೆಯೇ ಇತ್ತು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾಯಿತು.

ಆಮೇಲೂ ಆರು ಭಾನುವಾರ ನಿನ್ನ ಪಕ್ಕ ನಿಂತು ಚಪ್ಪಾಳೆ ತಟ್ಟಿದೆ. ನೀನು ಅರ್ಜಿ ತುಂಬುವಾಗ ಪೆನ್ನಿನ ಶಾಯಿ ಮುಗಿಯಿತು, ನಾನೇ ನನ್ನ ಪೆನ್ನು ಕೊಟ್ಟೆ. ಏಕೆ ಹೇಳಲಿಲ್ಲವೆಂದರೆ, ನಮ್ಮಿಬ್ಬರ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದರ ಪಕ್ಕದ ಮಂಚ ನಿನ್ನದು. ನನಗೆ ಓದಲು ಬೆಳಕು ಬೇಕಾಗಿತ್ತು. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ಬಹಳ ವರ್ಷ ಕಳೆದೆ; ಸಿಗಲಿಲ್ಲ. ನೀನು ವಾಪಸು ಬಂದ ದಿನ ಅಮ್ಮ ಅಡುಗೆಮನೆಯಿಂದ ಎರಡು ಸಲ ಕರೆದಳು. ನೀನು ತಿರುಗಲಿಲ್ಲ. ಎಲ್ಲರಿಗೂ ಆಶ್ಚರ್ಯವಾಯಿತು. ನಾನು ಅದನ್ನು ಮೊದಲೇ ನೋಡಿದ್ದೆ.

ಅಪ್ಪನ ಮೇಲೆ ಸಿಟ್ಟು ಬೇಡ. ಅವರಿಗೆ ಅದು ಹದಿನೇಳು ನಿಮಿಷ, ಅಷ್ಟೇ.

ಈ ಕಾಗದವನ್ನು ಸಂಜೆಯ ಕೊರಿಯರಿಗೆ ಕೊಡುತ್ತೇನೆ, ನಾಳೆ ನಿನ್ನ ಕೈಸೇರುತ್ತದೆ. ಒಳಗೆ ಒಂದು ಕಾರ್ಡಿದೆ. ವಿಳಾಸ ಬರೆದು ಅಂಚೆಚೀಟಿಯನ್ನೂ ಹಚ್ಚಿದ್ದೇನೆ. ಆ ಸಿನಿಮಾ ಪಟ್ಟಿಯಲ್ಲಿ ಇರಲಿ ಎಂದಾದರೆ ಒಂದು ಗೆರೆ ಎಳೆ, ಬೇಡವೆಂದಾದರೆ ಎರಡು. ನನಗೆ ಏನನ್ನೂ ಬರೆಯಲು ನಿನಗೆ ಮನಸ್ಸಿಲ್ಲದಿದ್ದರೆ ಖಾಲಿ ಕಾರ್ಡನ್ನೇ ಹಾಕು, ಅದೂ ಸರಿ. ಪತ್ರಿಕೆ ಗುರುವಾರ ಅಚ್ಚಿಗೆ ಹೋಗುತ್ತದೆ, ಆದ್ದರಿಂದ ಮಂಗಳವಾರ ಹನ್ನೊಂದರ ಅಂಚೆಗೆ ಮುಂಚೆ ಹಾಕಿದರೆ ಉಪಕಾರ. ಡಬ್ಬ ನಿನ್ನ ಅಂಗಡಿಯ ಎದುರಿಗೇ ಇದೆಯಲ್ಲ, ಔಷಧಿ ಅಂಗಡಿಯ ಪಕ್ಕ.